ತೌರಿನ ಸೀರೆಗೆ ಬೇಕಾದ ಕಾಗದಪತ್ರ

ನನ್ನ ಹಳೆಯ ಡೈರಿಯಲ್ಲಿ ಫೆಬ್ರವರಿ ಒಂಬತ್ತರ ಪುಟ ಹೀಗಿದೆ: ‘ಆಸ್ಟ್ರಿಯಾದ ಹುಡುಗಿ ಇವತ್ತು ಹೊರಟಳು. ಅತ್ತೆ ಮಡಿಲು ತುಂಬಿ ಅತ್ತರು. ಅರಸೀಕೆರೆಯಲ್ಲಿ ರೈಲು ಹತ್ತಿಸಿ ಬಂದೆವು. ನಾನೂ ಒಮ್ಮೆ ಅವಳ ಊರಿಗೆ ಹೋಗಿಬರಬೇಕು. ಅದೇನು ಮಹಾ.’

ಆ ಹುಡುಗಿ ಹಳೇಬೀಡಿನ ಗುಡಿಯ ಶಿಲ್ಪಗಳ ಬಗ್ಗೆ ಓದಲು ಬಂದು, ಒಂದು ವರ್ಷ ನಮ್ಮ ಮನೆಯಲ್ಲೇ ಇದ್ದವಳು. ಕನ್ನಡ ಕಲಿತದ್ದೂ ರೊಟ್ಟಿ ತಟ್ಟಲು ಕಲಿತದ್ದೂ ನಮ್ಮ ಅತ್ತೆಯ ಹತ್ತಿರ. ಈಗ ಅವಳ ಮಗಳಿಗೆ ಮದುವೆ. ಅವಳನ್ನು ಹೆತ್ತವರು ತೀರಿಕೊಂಡಿದ್ದಾರೆ. ‘ಅಕ್ಕ, ನೀನು ಬರದಿದ್ದರೆ ನನ್ನ ತೌರಿನ ಕಡೆಯಿಂದ ಅಂತ ಯಾರೂ ಇರಲ್ಲ’ ಎಂದು ಫೋನಿನಲ್ಲಿ ಹೇಳಿದಳು. ಅವತ್ತೇ ಹೋಗಿ ತೌರಿನ ಸೀರೆ ತಂದು ಬೀರುವಿನಲ್ಲಿಟ್ಟೆ. ಉಳಿದದ್ದು ನನಗೂ ಯಜಮಾನರಿಗೂ ವೀಸಾ ಒಂದೇ.

ನಾನು ಬಿ.ಎ. ಮಾಡಿದವಳು. ಮನೆಯ ಕರೆಂಟ್ ಬಿಲ್ಲಿನಿಂದ ಹಿಡಿದು ಪ್ರತಿಯೊಂದು ಕಾಗದವನ್ನೂ ವರ್ಷವಾರು ಫೈಲ್ ಮಾಡಿ ಇಟ್ಟಿದ್ದೇನೆ. ಆದರೂ ನಮ್ಮ ಮನೆಯಿಂದ ಒಂದು ಕಾಗದ ತರಲು ಯಾರಾದರೂ ಹೊರಟರೆ, ಕಾಗದದ ಜೊತೆಗೆ ಒಂದು ಕಥೆಯೂ ಬರುವುದು ರೂಢಿಯಾಗಿಬಿಟ್ಟಿದೆ.

ಫೋಟೋ

ವೀಸಾ ಫೋಟೋಗೆ ನಗಬಾರದು, ಹಿಂದೆ ಬಿಳಿ ಪರದೆ ಇರಬೇಕು, ಮುಖ ಇದ್ದ ಹಾಗೆ ಇರಬೇಕು. ಇದನ್ನೆಲ್ಲ ಬೇಲೂರಿನ ಸ್ಟುಡಿಯೋದವನಿಗೆ ಬಿಡಿಸಿ ಹೇಳಿದೆ. ಅವನು ಗಂಡಿನ ಕಡೆಗೆ ಕಳಿಸುವ ಹೆಣ್ಣಿನ ಫೋಟೋಗೆ ಹೆಸರಾದವನು. ಅವನು ತೆಗೆದ ಫೋಟೋ ನೋಡಿ ಬೇಡವೆಂದ ಗಂಡಿಲ್ಲ ಅಂತ ಮಾತು.

ಸಂಜೆ ಹೋಗಿ ನೋಡಿದರೆ ಲಕೋಟೆಯೊಳಗೆ ಯಾರೋ ಕೂತಿದ್ದರು. ಬೆಳ್ಳಗೆ, ನುಣ್ಣಗೆ, ಕೆನ್ನೆಯ ಮಚ್ಚೆಯಿಲ್ಲದೆ.

‘ಇದ್ಯಾರಪ್ಪ?’

‘ನೀವೇ ಅಮ್ಮ. ಒಸಿ ಟಚಪ್ ಮಾಡ್ದೆ.’

‘ಮುಖ ಇದ್ದ ಹಾಗೇ ಇರ್ಬೇಕು ಅಂತ ಹೇಳಿರ್ಲಿಲ್ವಾ?’

‘ಹಂಗೇ ಕಳ್ಸಿದ್ರೆ ಯಾರ್ ಒಪ್ತಾರಮ್ಮ?’

ನಮ್ಮ ಯಜಮಾನರು ಫೋಟೋ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿಯ ಜೇಬಿಗೆ ಇಳಿಸಿಕೊಂಡರು.

‘ಅವರಿಗೆ ಬೇರೆ ತೆಗೆಸಿ ಕೊಡು. ಇದು ನನಗಿರಲಿ.’

ಸಾಕ್ಷಿ

ನಾವು ಗಂಡಹೆಂಡಿರು ಅನ್ನುವುದಕ್ಕೆ ಮದುವೆಯ ನೋಂದಣಿ ಪತ್ರ ಬೇಕು ಎಂದ ಹಾಸನದ ಟ್ರಾವೆಲ್ ಏಜೆಂಟ್. ನಮ್ಮ ಕಾಲದಲ್ಲಿ ಅಂಥದ್ದನ್ನು ಯಾರು ಮಾಡಿಸುತ್ತಿದ್ದರು? ಮದುವೆ ಆದದ್ದು ನನ್ನ ತೌರು ಅರಸೀಕೆರೆಯಲ್ಲಿ. ಹಾಗಾಗಿ ಅಲ್ಲಿಯ ನೋಂದಣಿ ಕಚೇರಿಗೆ ಹೋದೆವು. ಲಗ್ನಪತ್ರಿಕೆ, ಧಾರೆಯ ಫೋಟೋ ಎರಡೂ ನನ್ನ ಫೈಲಿನಲ್ಲಿ ಇದ್ದೇ ಇದ್ದವು. ಮದುವೆಗೆ ಬಂದಿದ್ದ ಸಾಕ್ಷಿಗಳು ಬೇಕು ಎಂದರು. ತಂಗಿ, ಅವಳ ಗಂಡ ಬಂದು ಸಹಿ ಹಾಕಿದರು. ಮೂರನೆಯವರು ನನ್ನ ಸೋದರಮಾವ. ಎಂಬತ್ತು ದಾಟಿದೆ. ಸುಳ್ಳು ಹೇಳಿದವರಲ್ಲ.

ಗುಮಾಸ್ತರು ಕೇಳಿದರು: ‘ಅಜ್ಜಾರೆ, ಈ ಮದುವೆ ಆಗಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?’

‘ಇಲ್ಲ.’

‘ಮಾವ, ನೀವು ಇದ್ರಿ ಕಣ್ರೀ!’ ಎಂದೆ.

‘ಇದ್ದೆ ಕಣೇ, ಇಲ್ಲ ಅಂದ್ನಾ? ಅಡುಗೆಮನೆ ಉಸ್ತುವಾರಿ ನಂದಾಗಿತ್ತು. ಮುಹೂರ್ತಕ್ಕೆ ಸರಿಯಾಗಿ ಪಾಯಸ ತಳ ಹಿಡೀತು. ಅದನ್ನ ನೋಡ್ಕೊಳ್ಳಲೋ, ನೀನು ತಾಳಿ ಕಟ್ಟಿಸ್ಕೊಳ್ಳೋದನ್ನ ನೋಡಲೋ?’

ಗುಮಾಸ್ತರು ಪೆನ್ನು ಕೆಳಗಿಟ್ಟರು. ನಮ್ಮ ಹಿಂದೆ, ಮನೆಯವರಿಗೆ ತಿಳಿಸದೆ ಮದುವೆಯಾಗಲು ಬಂದಿದ್ದ ಒಂದು ಜೋಡಿ ಹೆದರಿಕೊಂಡು ನಿಂತಿತ್ತು. ಅವರಿಗೂ ನಗು ತಡೆಯಲಿಲ್ಲ.

‘ಊಟ ಬಡಿಸಿದ್ದಾದ್ರೂ ನೋಡಿದ್ರಾ?’

‘ನೋಡೋದೇನು, ನಾನೇ ನಿಂತು ಬಡಿಸಿದ್ದು. ಒಂದು ಎಲೆಗೂ ಕಮ್ಮಿ ಬೀಳ್ಲಿಲ್ಲ.’

‘ಊಟ ಆಗಿದ್ರೆ ಮದುವೆ ಆದ ಹಾಗೇ. ಸೈನ್ ಹಾಕಿ.’

ಪಹಣಿ

ಆಸ್ತಿ ಇದೆಯೆಂದು ತೋರಿಸಲು ಮಾದಿಹಳ್ಳಿಯ ತೆಂಗಿನ ತೋಟದ ಪಹಣಿ, ಋಣಭಾರ ಪತ್ರ, ಬೆಲೆ ಕಟ್ಟಿದ ಪತ್ರ ತೆಗೆಸಿದೆವು. ನಮ್ಮ ಕಡೆ ಈ ಮೂರನ್ನೂ ಒಟ್ಟಿಗೆ ತೆಗೆಸುವವರು ಒಂದೇ ಕಾರಣಕ್ಕೆ ತೆಗೆಸುತ್ತಾರೆ. ಅದು ನಮಗೆ ಹೊಳೆಯಲಿಲ್ಲ. ಊರಿಗೆ ಹೊಳೆಯಿತು.

ನಾವು ಬಸ್ಸು ಇಳಿದು ಮನೆಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ದಳ್ಳಾಳಿಯೊಬ್ಬ ಎಳನೀರು ಇಟ್ಟುಕೊಂಡು ಕೂತಿದ್ದ. ‘ಬುದ್ಧಿ, ನನ್ ಕೈಯಾಗೆ ಒಳ್ಳೆ ಪಾರ್ಟಿ ಐತೆ. ಎಷ್ಟಕ್ ಬಿಡ್ತೀರಾ?’ ಎಂದ. ಮಾರುವುದಿಲ್ಲ ಎಂದರೆ, ‘ಎಲ್ರೂ ಮೊದ್ಲು ಹಂಗೇ ಅನ್ನೋದು’ ಎಂದು ಇನ್ನೊಂದು ಎಳನೀರು ಕೆತ್ತಿದ.

ಮರುದಿನ ಜಾವಗಲ್ಲಿನಿಂದ ನನ್ನ ಮೈದುನ ಬಂದ. ಪಾಲಾದಾಗ ಬಾವಿ ಅಣ್ಣನ ಕಡೆ ಹೋಯಿತೆಂದು ಮುನಿಸಿಕೊಂಡು, ವರ್ಷಗಟ್ಟಲೆ ನಮ್ಮ ಹೊಸ್ತಿಲು ತುಳಿಯದಿದ್ದವನು.

‘ಅಣ್ಣ, ಅಪ್ಪನ ತೋಟ ಮಾರ್ಕೊಂಡು ಫಾರಿನ್ನಿಗೆ ಹೋಗ್ತಿದೀಯಂತೆ. ನನಗೊಂದು ಮಾತು ಹೇಳ್ಬಾರ್ದಾ?’

‘ಮಾರ್ತಿಲ್ಲ ಕಣೋ, ತೋರಿಸ್ತಿದೀನಿ.’

‘ಯಾರಿಗೆ?’

‘ಆಸ್ಟ್ರಿಯಾದವರಿಗೆ.’

‘ಅವರಿಗ್ಯಾಕೆ ತೆಂಗಿನ ತೋಟ?’

ನಾನು ರಾಗಿಮುದ್ದೆ, ಅವರೆಕಾಳು ಸಾರು ಬಡಿಸಿ ಎಲ್ಲವನ್ನೂ ವಿವರಿಸಿದೆ. ತೋಟ ಹೋಗುತ್ತಿಲ್ಲ ಎಂದು ತಿಳಿದು ಅವನ ಮುಖ ಇಳಿಯಿತೋ ಅರಳಿತೋ ಹೇಳಲಾರೆ. ಇಷ್ಟು ವರ್ಷಕ್ಕೆ ಬಂದವನನ್ನು ಬರಿಗೈಲಿ ಕಳಿಸಬಾರದೆಂದು, ನಾವು ಬರುವ ತನಕ ಹಸು ನೋಡಿಕೊಳ್ಳುವ ಕೆಲಸ ಒಪ್ಪಿಸಿ ಕಳಿಸಿದೆ.

ಸಂಬಂಧ

ಆಹ್ವಾನ ಪತ್ರ ಬಂತು. ನಮ್ಮ ಆಸ್ಟ್ರಿಯಾದವಳು ಅದನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದಿದ್ದಳು! ‘ಮದುವೆಗೆ ಒಂದು ವಾರ ಮುಂಚೆಯೇ ಬಂದು, ನಿಂತು ನಡೆಸಿಕೊಡಬೇಕು. ಬಾರದೆ ಇದ್ದರೆ ಬೇಜಾರು’ ಅಂತ. ನಾನು ಹೆಮ್ಮೆಯಿಂದ ಏಜೆಂಟನಿಗೆ ಕೊಟ್ಟೆ. ಆ ಹುಡುಗ ಓದಿ ತಲೆ ಕೆರೆದುಕೊಂಡ.

‘ಮೇಡಂ, ಇದನ್ನ ಅವರ ದೇಶದವರು ಓದ್ಬೇಕು. ನೀವಲ್ಲ.’

ಮತ್ತೆ ಅವಳ ಭಾಷೆಯಲ್ಲಿ ಬರೆಸಿ ತರಿಸಿದ್ದಾಯಿತು. ಈಗ ಅರ್ಜಿಯಲ್ಲಿ ಕರೆದವರಿಗೂ ನಮಗೂ ಏನು ಸಂಬಂಧ ಎಂದು ಬರೆಯಬೇಕು.

‘ಫ್ರೆಂಡ್ ಅಂತ ಹಾಕ್ಲಾ?’

‘ತಂಗಿ ಅಂತ ಹಾಕಪ್ಪ.’

‘ಮೇಡಂ, ತಂಗಿ ಅಂದ್ರೆ ಪ್ರೂಫ್ ಕೇಳ್ತಾರೆ. ನೀವಿಬ್ರೂ ಒಬ್ಬ ತಾಯಿ ಹೊಟ್ಟೇಲಿ ಹುಟ್ಟಿದೀರಾ?’

‘ಇಲ್ಲ. ಆದ್ರೆ ಒಬ್ಬ ಅತ್ತೆ ಕೈಲಿ ಬೈಸಿಕೊಂಡಿದೀವಿ.’

ಅವನು ಫ್ರೆಂಡ್ ಅಂತ ಹಾಕಿದ.

ಗಟ್ಟಿ ಕಾರಣ

ಕೊನೆಗೆ ಉಳಿದದ್ದು ದೊಡ್ಡದು. ‘ನೀವು ಅಲ್ಲೇ ಉಳ್ಕೊಳ್ಳಲ್ಲ, ವಾಪಸ್ ಬಂದೇ ಬರ್ತೀರಿ ಅನ್ನೋದಕ್ಕೆ ಗಟ್ಟಿ ಕಾರಣ ತೋರಿಸ್ಬೇಕು. ಎಷ್ಟೋ ಅರ್ಜಿ ಇದಕ್ಕೇ ಬಿದ್ದುಹೋಗುತ್ತೆ’ ಎಂದ ಏಜೆಂಟ್. ಮದುವೆ ಹತ್ತಿರ ಬರುತ್ತಿತ್ತು. ಅರ್ಜಿ ಬಿದ್ದರೆ ಸೀರೆ ಬೀರುವಿನಲ್ಲೇ ಉಳಿಯುತ್ತದೆ ಎಂದು ನನಗೆ ಊಟ ಸೇರಲಿಲ್ಲ.

ಯಜಮಾನರು ಮಾತ್ರ, ‘ಹಸು ಗಬ್ಬ. ಇದಕ್ಕಿಂತ ಗಟ್ಟಿ ಕಾರಣ ಇನ್ನೇನು ಬೇಕು?’ ಎಂದರು. ಏಜೆಂಟ್ ನಕ್ಕ. ಇವರು ನಗಲಿಲ್ಲ. ಬೆಳಗ್ಗೆ ಎದ್ದು ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲೇ ಬರೆಸಿಕೊಂಡು ಬಂದರು: ಹಸು ಇಂಥ ದಿನದ ಸುಮಾರಿಗೆ ಕರು ಹಾಕುತ್ತದೆ, ಮಾಲೀಕರನ್ನು ಬಿಟ್ಟು ಬೇರೆ ಯಾರು ಹತ್ತಿರ ಹೋದರೂ ಒದೆಯುತ್ತದೆ, ಆದ್ದರಿಂದ ಆ ಹೊತ್ತಿಗೆ ಮಾಲೀಕರು ಇರಲೇಬೇಕು. ಕೆಳಗೆ ದುಂಡನೆಯ ಮೊಹರು.

‘ಇದನ್ನ ಇಟ್ರೆ ನನ್ನ ಮರ್ಯಾದೆ ಹೋಗುತ್ತೆ ಕಣ್ರೀ’ ಎಂದೆ. ಇಟ್ಟೇಬಿಟ್ಟರು.

ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ವೀಸಾ ಕೇಂದ್ರದ ಹುಡುಗಿ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಈಚೆಗೆ ತಳ್ಳುತ್ತ ಹೋದಳು. ಹಳೇಬೀಡಿನ ಇತಿಹಾಸ ಸಮೇತ ನಾನು ಆರು ಪುಟ ಬರೆದಿದ್ದ ಪತ್ರ ವಾಪಸ್ ಬಂತು. ಲ್ಯಾಮಿನೇಷನ್ ಮಾಡಿಸಿದ್ದ ನನ್ನ ಬಿ.ಎ. ಪದವಿ ಪತ್ರ ವಾಪಸ್ ಬಂತು. ಹಸುವಿನ ಪತ್ರ ಎರಡು ಸಲ ಓದಿಸಿಕೊಂಡು ಒಳಗೆ ಹೋಯಿತು.

ಆಮೇಲೆ ಆಸ್ಟ್ರಿಯಾದಿಂದ ಫೋನು. ‘ಅಕ್ಕ, ವೀಸಾ ಆಫೀಸಿನವರು ನನ್ನ ವಿಚಾರಿಸಿದರು. ಒಂದು ಹಸುವಿಗೋಸ್ಕರ ಇವರು ನಿಜವಾಗಿ ವಾಪಸ್ ಹೋಗ್ತಾರಾ ಅಂತ.’

‘ನೀನೇನು ಹೇಳಿದೆ?’

‘ಆ ಮನೆಯಲ್ಲಿ ಒಂದು ವರ್ಷ ಇದ್ದೆ, ಹಸುವಿನ ಕೆಲಸ ಮುಗಿಯದೆ ಒಂದು ದಿನವೂ ನನಗೆ ಕಾಫಿ ಸಿಕ್ಕಿಲ್ಲ ಅಂತ ಹೇಳಿದೆ.’

ವೀಸಾ ಬಂತು. ಅದು ಮುಗಿಯುವುದು ಹಸು ಕರು ಹಾಕಬೇಕಾದ ದಿನದ ಹಿಂದಿನ ದಿನಕ್ಕೆ.

ಹೋದೆವು. ಮದುವೆಯಲ್ಲಿ ತೌರಿನ ಸೀರೆ ಕೊಟ್ಟೆ. ಅವಳು ಅದನ್ನು ಸಭೆಯಲ್ಲೇ ಕೆನ್ನೆಗೊತ್ತಿಕೊಂಡಳು. ಹೇಳಿದ ದಿನಕ್ಕೆ ವಾಪಸ್ ಬಂದೆವು.

ಕೊನೆಗೆ ತಗುಲಿದ್ದು ಇಷ್ಟು: ಇಬ್ಬರ ವೀಸಾ ಶುಲ್ಕ, ವಿಮೆ, ಏಜೆಂಟನ ಫೀಸು. ನನ್ನ ಫೋಟೋ ಎರಡು ಸಲ. ಸೋದರಮಾವನಿಗೆ ಅರಸೀಕೆರೆಯಲ್ಲಿ ಊಟ, ಪಾಯಸ ಚೆನ್ನಾಗಿಲ್ಲವೆಂದು ಬಿಟ್ಟರು. ಲ್ಯಾಮಿನೇಷನ್ ದಂಡ. ಪಶುವೈದ್ಯರು ಹಣ ಮುಟ್ಟಲಿಲ್ಲ, ಒಂದು ತಂಬಿಗೆ ಗಿಣ್ಣುಹಾಲು ಕಳಿಸಿದೆವು. ಮೈದುನನ ಮೊಣಕಾಲಿಗೆ ನೋವಿನೆಣ್ಣೆ, ಎರಡು ಶೀಷೆ. ಡಾಕ್ಟರು ಪತ್ರದಲ್ಲಿ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.