ಭಾವನ ಹಸಿ ಟೊಮೆಟೊ ಪಾಸ್ತಾ

ನಮ್ಮ ಭಾವನಿಗೂ ಅಗ್ನಿದೇವನಿಗೂ ಮಾತಿಲ್ಲ. ಶಿವರಾತ್ರಿಯ ಮಾರನೆಯ ದಿನ ಶುರುವಾಗುವ ಮುನಿಸು ಮುಂಗಾರು ಬೀಳುವವರೆಗೂ ಮುಗಿಯುವುದಿಲ್ಲ. ಅಷ್ಟು ದಿನ ಕಾಫಿಯನ್ನು ಆರಿಸಿ ಕುಡಿಯುತ್ತಾರೆ, ಸಾರನ್ನು ಆರಿಸಿ ಉಣ್ಣುತ್ತಾರೆ, ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಎದ್ದು ಆಚೆ ಜಗಲಿಗೆ ಹೋಗುತ್ತಾರೆ. ಒಮ್ಮೆ ಮಂಗಳಾರತಿ ತಟ್ಟೆಗೂ ದೂರದಿಂದಲೇ ಕೈ ತೋರಿಸಿ ಕಣ್ಣಿಗೊತ್ತಿಕೊಂಡರು! ಈ ಕೊನೆಯದನ್ನು ನಾನೇ ಕಂಡೆನೋ, ಯಾರಾದರೂ ಹೇಳಿದರೋ, ಹೇಳಿ ಹೇಳಿ ನಾನೇ ಕಟ್ಟಿಕೊಂಡೆನೋ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕೂತು ನಾನು ಸಂಪಾದಿಸಿದ್ದು ಅನುಮಾನಿಸುವ ಚಟವೊಂದನ್ನೇ. ಮೊದಲು ದೇವರನ್ನು ಅನುಮಾನಿಸಿದೆ, ಆಮೇಲೆ ಮೇಷ್ಟರುಗಳನ್ನು. ಈಗ ಬೇರೆ ಯಾರೂ ಸಿಗದೆ ನನ್ನ ನೆನಪನ್ನೇ ಹಿಡಿದು ಜಗ್ಗುತ್ತಿದ್ದೇನೆ.

ಭಾವ ಕೈಲಾಂಚದ ಕಡೆ ರೇಷ್ಮೆ ಹುಳು ಸಾಕುವವರು. ಬೇಸಿಗೆಯಲ್ಲಿ ಅವರ ಹುಳದ ಮನೆಯಷ್ಟು ಸುಖದ ಜಾಗ ಇಡೀ ರಾಮನಗರ ತಾಲ್ಲೂಕಿನಲ್ಲಿಲ್ಲ. ಕಿಟಕಿಗೆಲ್ಲ ಒದ್ದೆ ಗೋಣಿಚೀಲ, ಮೂಲೆಗೊಂದು ಫ್ಯಾನು. ನಾವು ಮನುಷ್ಯರು ಹೊರಗೆ ಬೇಯುತ್ತಿದ್ದರೆ ಒಳಗೆ ಹುಳಗಳು ತಂಪಾಗಿ ಸೊಪ್ಪು ಮೇಯುತ್ತಿರುತ್ತವೆ. ಭಾವನ ತತ್ತ್ವಶಾಸ್ತ್ರ ಹುಟ್ಟಿದ್ದೇ ಅಲ್ಲಿ.

"ನೋಡ್ಲಾ ಬಾಮೈದ, ಹುಳ ಒಲೆ ಹಚ್ತದಾ? ಹಸಿ ಸೊಪ್ ತಿಂತದೆ, ರೇಷ್ಮೆ ಕೊಡ್ತದೆ. ನೀನು ಹುಟ್ಟಿದಾಗಿಂದ ಬೇಯ್ಸಿದ್ದೇ ತಿಂದೆ. ಏನ್ಲಾ ಕೊಟ್ಟೆ?"

ನಾನು ನನ್ನ ಪದವಿಗಳನ್ನು ಇನ್ನೊಮ್ಮೆ ಬೆರಳಲ್ಲಿ ಎಣಿಸಿ ನೋಡಿದೆ.

ಇಷ್ಟೇ ಆಗಿದ್ದರೆ ಮನೆಯೊಳಗಿನ ತಮಾಷೆಯಾಗಿ ಉಳಿಯುತ್ತಿತ್ತು. ಆದರೆ ಈ ಬೇಸಿಗೆಯಲ್ಲಿ ಎರಡು ಸಂಗತಿಗಳು ಒಟ್ಟಿಗೇ ಬಂದವು. ಅಕ್ಕನಿಗೆ ಕನಕಪುರದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಲೆಯ ಝಳ, ಹೊಗೆ ಯಾವುದೂ ಕೂಡದೆಂದು ಡಾಕ್ಟರು ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಅದೇ ವಾರ ಮಾಗಡಿ ಕಡೆಯಿಂದ ಫೋನ್ ಬಂತು. ಅಕ್ಕನ ಮಗಳನ್ನು ಅಲ್ಲಿಯ ಹುಡುಗನೊಬ್ಬ ಮೆಚ್ಚಿದ್ದ. ಇವಳೂ ಅವನನ್ನು ಮೆಚ್ಚಿದ್ದಳು. ಇನ್ನು ಹಿರಿಯರು ಬಂದು ಮನೆ ನೋಡಿ, ಊಟ ಮಾಡಿ, ಒಪ್ಪಬೇಕು. ಹಿರಿಯರೆಂದರೆ ಹುಡುಗನ ಅಪ್ಪ ಮತ್ತು ಅಜ್ಜಿ. ಅಪ್ಪನದು ಬರೀ ಮೀಸೆ; ಆ ಮನೆಯಲ್ಲಿ ಅಜ್ಜಿ ಹೂಂ ಅಂದರೆ ಮಾತ್ರ ಹೂಂ. ನಮ್ಮ ಹುಡುಗಿಗೋ, ಅಜ್ಜಿ ಏನನ್ನುತ್ತಾರೋ ಎಂಬ ಚಿಂತೆಯಲ್ಲಿ ತುತ್ತು ಇಳಿಯುತ್ತಿರಲಿಲ್ಲ.

"ಅಡುಗೆಯವರನ್ನ ಕರೆಸೋಣ" ಎಂದೆ.

"ಕರೆಸಿದ್ರೆ? ಒಲೆ ಉರೀತಿದ್ರೆ ನಿಮ್ಮಕ್ಕ ಸುಮ್ಕೆ ಕುಂತಾಳಾ? ಉಪ್ಪು ನೋಡ್ತೀನಿ ಅಂತ ಹೋಯ್ತಾಳೆ, ಒಗ್ಗರಣೆ ಸೀದೋಯ್ತು ಅಂತ ಹೋಯ್ತಾಳೆ. ಒಲೇನೇ ಇಲ್ದಿದ್ರೆ ಎಲ್ಗೋಯ್ತಾಳೆ?"

ಹೀಗೆ, ಬೀಗರಾಗಲಿರುವವರಿಗೆ ಅಡುಗೆ ಒಲೆ ಹಚ್ಚದೆ ಊಟ ಹಾಕುವುದೆಂದು ಭಾವ ತೀರ್ಮಾನಿಸಿದರು. ಪಾನಕ, ಕೋಸಂಬರಿ, ಬಾಳೆಹಣ್ಣಿನ ರಸಾಯನ ಸರಿ. ನಡುವೆ ಹೊಟ್ಟೆ ತುಂಬುವುದಕ್ಕೆ ಏನು? ಮಗಳು ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದಳು. ಇಟಲಿಯ ಮುದುಕಿಯೊಬ್ಬಳು ಹಣ್ಣು ಟೊಮೆಟೊ, ಬೆಳ್ಳುಳ್ಳಿ, ಉಪ್ಪು, ಎಣ್ಣೆ, ಯಾವುದೋ ಸೊಪ್ಪು ಎಲ್ಲವನ್ನೂ ಕೈಯಲ್ಲೇ ಕಿವುಚಿ, ಬೆಂದ ಪಾಸ್ತಾಕ್ಕೆ ಕಲಸುತ್ತಿದ್ದಳು. ಭಾವ ಕುರ್ಚಿಯಿಂದ ಎದ್ದೇಬಿಟ್ಟರು.

"ಲೇ, ಇದು ನಮ್ಮವ್ವನ ಹಸಿ ಗೊಜ್ಜು ಕಣ್ಲಾ! ಹಂಗೇ ಕಿವುಚ್ತಾವ್ಳೆ ನೋಡು!"

ಅಕ್ಕ ಕಪ್ಪು ಕನ್ನಡಕದ ಹಿಂದಿನಿಂದಲೇ ಕಣ್ಣೀರು ಹಾಕಿದಳು. "ಬೀಗರು ಬರೋ ದಿನ ಒಬ್ಬಟ್ಟು ಇಲ್ಲ, ಮುದ್ದೆ ಇಲ್ಲ, ಹಸಿ ಟಮಾಟೆ ಇಕ್ಕಿ ಮಾನ ಕಳೀತೀರಾ? ನನ್ ಮಗಳ ಗತಿ ಏನು?"

ನಾನು ವಿಚಾರವಾದಿಯಲ್ಲವೇ? ತಪ್ಪು ಹಿಡಿದೆ. "ಪಾಸ್ತಾ ಬೇಯ್ಬೇಕಲ್ಲ ಭಾವ? ಅದು ಬೆಂಕಿ ಅಲ್ವಾ?"

"ಬಚ್ಚಲ ಹಂಡೇಲಿ ಬೇಯ್ತದೆ. ಸ್ನಾನದ ಒಲೆ ಅಡ್ಗೆ ಒಲೆ ಹೆಂಗಾಯ್ತದ್ಲಾ? ಅಲ್ಗೆ ಉಪ್ಪು ನೋಡಕ್ಕೆ ಯಾರೂ ಬರಕ್ಕಿಲ್ಲ."

ಅಗ್ನಿದೇವನ ಜೊತೆ ಮಾತು ಬಿಟ್ಟವರು ಬಚ್ಚಲಿನ ಮೂಲಕ ರಾಜಿಗೆ ಬಂದಿದ್ದರು!

ಚನ್ನಪಟ್ಟಣದ ಅಂಗಡಿಯಿಂದ ಪಾಸ್ತಾ ಬಂತು. ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದರಲ್ಲಿ ಅದು ಮದುವೆಗೆ ಹೊರಟಂತೆ ಹೊಳೆಯಿತು. ಮೊದಲ ಪ್ರಯೋಗದ ದಿನ ಭಾವ ಪಾಸ್ತಾವನ್ನು ನೀರಿಗೆ ಹಾಕಿ ಹುಳಕ್ಕೆ ಸೊಪ್ಪು ಹಾಕಲು ಹೋದರು. ಹುಳದ ಮನೆಗೆ ಹೋದ ಭಾವ ಬೇಗ ಬರುತ್ತಾರೆಯೇ? ವಾಪಸು ಬಂದಾಗ ಹಂಡೆಯಲ್ಲಿದ್ದದ್ದು ಸಿನಿಮಾ ಪೋಸ್ಟರ್ ಅಂಟಿಸುವ ಗೋಂದು. ಅದನ್ನು ಸೀಮೆಹಸು ತಿಂದಿತು. ಆ ಸಂಜೆ ಹಸು ಹೆಚ್ಚು ಹಾಲು ಕೊಟ್ಟಿತೆಂದು ಭಾವ ಇಂದಿಗೂ ಹೇಳುತ್ತಾರೆ. ನಾನು ಅಲ್ಲೇ ಇದ್ದೆ, ಹಾಲಿನ ನೆನಪಿಲ್ಲ. ಇಲ್ಲವೆನ್ನುವ ಧೈರ್ಯವೂ ಇಲ್ಲ.

ಎರಡನೆಯ ದಿನ ವೀಡಿಯೊದ ಸೊಪ್ಪಿಗೆ ತುಳಸಿಯೇ ಹತ್ತಿರವೆಂದು ಭಾವ ತುಳಸಿಕಟ್ಟೆಗೆ ಕೈಹಾಕಿದರು. ಅಕ್ಕ ಕೂಗಿದ ಕೂಗು ರಾಮದೇವರ ಬೆಟ್ಟಕ್ಕೆ ತಾಕಿ ವಾಪಸು ಬಂತು.

"ಬೆಳ್ಳುಳ್ಳಿ ಜೊತೆ ತುಳಸೀನಾ! ನಿಮ್ಗೇನ್ ಬಂತು ದೊಡ್ರೋಗ!"

ಕೊನೆಗೆ ಬೋರ್‌ವೆಲ್ ಪಕ್ಕದಲ್ಲಿದ್ದ ಅಕ್ಕನ ಕಾಮಕಸ್ತೂರಿ ಗಿಡದ ಎಲೆ ಕಿತ್ತು ವೀಡಿಯೊದ ಪಕ್ಕ ಹಿಡಿದರೆ, ಅದೇ ಆ ಸೊಪ್ಪಿನ ತಂಗಿ! "ಮುಡ್ಯೋದನ್ನ ತಿನ್ನಿಸ್ತೀರಾ?" ಎಂದು ಅಕ್ಕ ಗೊಣಗಿದಳು. "ತಲೆ ಮೇಲಿರೋದು ಹೊಟ್ಟೆಗೋದ್ರೆ ಯಾವ ಕೇಸು?" ಎಂದರು ಭಾವ. ಆಲಿವ್ ಎಣ್ಣೆಯ ಜಾಗಕ್ಕೆ ಗಾಣದ ಹುಚ್ಚೆಳ್ಳೆಣ್ಣೆ ಬಂದು ಕೂತಿತು.

ಬೀಗರು ಬಂದದ್ದು ಭಾನುವಾರ. ಅಕ್ಕ ಸೋಮವಾರ ಎನ್ನುತ್ತಾಳೆ, ಇರಲಿ. ಮಾಗಡಿ ರಸ್ತೆಯ ಬಿಸಿಲೆಲ್ಲ ಕುಡಿದು ಬಂದಂತೆ ಹುಡುಗನ ಅಪ್ಪನ ಮೀಸೆ ಸೋತು ಇಳಿಬಿದ್ದಿತ್ತು. ಬೆಳಗ್ಗೆಯೇ ನಾಟಿ ಟೊಮೆಟೊ ಕಿವುಚಿ, ಉಪ್ಪು, ಕಾಮಕಸ್ತೂರಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ ಹಾಕಿ, ಮಣ್ಣಿನ ಮಡಕೆಯಲ್ಲಿಟ್ಟು ನೆನೆಯಲು ಬಿಟ್ಟಿದ್ದರು ಭಾವ. ಬೆಂದ ಪಾಸ್ತಾವನ್ನು ಅನ್ನ ಬಸಿಯುವ ಮಂಕರಿಗೆ ಸುರಿದು, ನೀರು ಇಳಿಸಿ, ಆರಿದ ಮೇಲೆ ಮಡಕೆಯ ರಸದಲ್ಲಿ ಹೊರಳಿಸಿದರು. ಮನೆಯೆಲ್ಲ ಹೊಸ ಮಳೆಯಲ್ಲಿ ನೆಂದ ತೋಟದ ವಾಸನೆ.

ಎಲೆಯ ಮೇಲೆ ಬಿದ್ದದ್ದನ್ನು ನೋಡಿ ಹುಡುಗನ ಅಪ್ಪ ತಡೆದು ಕೇಳಿದರು. "ಇದೇನ್ ಸ್ವಾಮಿ, ಶಾವ್ಗೇನಾ?"

"ಶಾವ್ಗೆಗೆ ದಾಯಾದಿ ಕಣ್ರಿ. ವಿದೇಶದಲ್ಲಿ ಬೆಳ್ದದ್ದು."

ಅಪ್ಪ ಅಜ್ಜಿಯ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಬಾಗಿಲ ಹಿಂದಿನಿಂದ ನಮ್ಮ ಹುಡುಗಿಯೂ ಇಣುಕಿ ನೋಡುತ್ತಿದ್ದಳು. ಅಜ್ಜಿ ಅವಸರ ಮಾಡಲಿಲ್ಲ. ಐದು ಬೆರಳಿನಲ್ಲಿ ಪಾಸ್ತಾವನ್ನು ಒತ್ತಿ, ಉರುಳಿಸಿ, ಮುದ್ದೆಯ ತುತ್ತಿನಂತೆ ಉಂಡೆ ಕಟ್ಟಿ, ರಸದಲ್ಲಿ ಅದ್ದಿ, ಅಗಿಯದೆ ಗುಳುಂ ಎಂದು ನುಂಗಿಬಿಟ್ಟರು!

ಇಟಲಿಯ ಮುದುಕಿ ಕಂಡಿದ್ದರೆ ಏನಾಗುತ್ತಿತ್ತೋ. ನಾನಂತೂ ಕಣ್ಣು ಮುಚ್ಚಿಕೊಂಡೆ.

"ಯಾರ್ ಮಾಡಿದ್ದು?" ಎಂದರು ಅಜ್ಜಿ.

"ನಾನೇ ಕಣವ್ವ" ಎಂದರು ಭಾವ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

"ಗಂಟಲಾಗೆ ತಣ್ಗೆ ಇಳೀತದೆ. ಬಿಸ್ಲಾಗೆ ಬಂದೋರ್ಗೆ ಬಿಸಿ ಬಿಸಿ ಸುರ್ದು ಸಾಯಿಸ್ತಾರೆ ಎಲ್ರೂ. ನೀನೊಬ್ಬ ಬುದ್ವಂತ. ಬುಡು, ಇನ್ನೊಸಿ ಬುಡು." ಆಮೇಲೆ ಬಾಗಿಲಿನತ್ತ ತಿರುಗಿ, "ಅಲ್ ನಿಂತ್ಕಂಡು ಏನ್ ಇಣುಕ್ತೀಯವ್ವ? ಬಂದು ನನ್ ಪಕ್ಕ ಕುಂತ್ಕೊ. ಇನ್ಮೇಲೆ ನಮ್ಮನೆ ಮಗಳಲ್ವಾ ನೀನು" ಎಂದರು.

ಆಗಿಹೋಯಿತು! ಅಪ್ಪನ ಮೀಸೆ ಮತ್ತೆ ಎದ್ದು ನಿಂತಿತು. ಹುಡುಗಿ ಅಳುತ್ತ ನಗುತ್ತ ಬಂದು ಕೂತಳು. ಭಾವ ಮಡಕೆಯನ್ನು ಸೊಂಟಕ್ಕೆ ಒತ್ತಿಕೊಂಡು, ರಾಜ್ಯ ಗೆದ್ದವರ ಹಾಗೆ, ಬೇಕೆಂದವರಿಗೂ ಬೇಡವೆಂದವರಿಗೂ ಬಡಿಸಿದರು. ನಾನು ಬೇಡವೆಂದೆ, ನನ್ನ ಎಲೆಯ ಮೇಲೆ ಗುಡ್ಡ ಎದ್ದಿತು.

ಪಾನಕ ಕೇಳೋಣವೆಂದು ಅಕ್ಕನನ್ನು ಹುಡುಕಿದೆ. ಅಡುಗೆಮನೆಯ ಬಾಗಿಲಲ್ಲಿ ಇರಲಿಲ್ಲ. ನನ್ನ ಸಾಲಿನಲ್ಲೇ, ಕೊನೆಯ ಎಲೆಯ ಮುಂದೆ ಕೂತಿದ್ದಳು. ಅಜ್ಜಿಯ ಎಲೆ ಖಾಲಿಯಾದದ್ದು ಕಂಡು ಅಭ್ಯಾಸಬಲದಿಂದ ಎದ್ದಳು. ಭಾವ ಭುಜ ಒತ್ತಿ ಕೂರಿಸಿದರು. "ಎಲ್ಗೆ? ಅಲ್ಲೇನೈತೆ? ಒಲೇನೇ ಹಚ್ಚಿಲ್ಲ. ಉಣ್ಣು."

ಅಕ್ಕ ತುಂಬ ನಿಧಾನವಾಗಿ ಉಣ್ಣುತ್ತಾಳೆ. ಟೊಮೆಟೊ ಹೋಳುಗಳನ್ನು ಚಿಕ್ಕ ಮಕ್ಕಳ ಹಾಗೆ ಎಲೆಯ ಅಂಚಿಗೆ ಸರಿಸಿಟ್ಟುಕೊಂಡು ಕೊನೆಗೆ ತಿನ್ನುತ್ತಾಳೆ. ಇದು ನನಗೆ ಹೊಸ ಸುದ್ದಿ. ನೆನಪನ್ನೆಲ್ಲ ಕೆದಕಿದೆ: ಹಬ್ಬಗಳು, ಮದುವೆಗಳು, ನಮ್ಮ ಅಪ್ಪನ ತಿಥಿ. ಎಲ್ಲದರಲ್ಲೂ ಅಕ್ಕ ಇದ್ದಾಳೆ, ಕೈಯಲ್ಲಿ ಸೌಟಿದೆ. ಉಣ್ಣುತ್ತಿರುವ ಅಕ್ಕ ಒಂದರಲ್ಲೂ ಇಲ್ಲ. ನನ್ನ ನೆನಪೇ ಕೈಕೊಟ್ಟಿತೇನೋ ಎಂದು, ಪಕ್ಕಕ್ಕೆ ಬಂದ ಭಾವನನ್ನು ಮೆಲ್ಲಗೆ ಕೇಳಿದೆ.

"ಅಕ್ಕ ಹೀಗೆ ಎಲ್ಲರ ಜೊತೆ ಕೂತು ಉಂಡದ್ದನ್ನ ನೀವು ನೋಡಿದ್ದೀರಾ ಭಾವ?"

ಭಾವ ಮಡಕೆಯನ್ನು ಸೊಂಟದ ಇನ್ನೊಂದು ಪಕ್ಕಕ್ಕೆ ಬದಲಿಸಿಕೊಂಡರು. "ಬಿಸಿ ಅಡ್ಗೆ ಮಾಡಿದ್ರೆ ಆಯ್ತಿತ್ತೇನ್ಲಾ ಇದು?" ಎಂದರು.

ಅಷ್ಟರಲ್ಲಿ ಕೊನೆಯ ಎಲೆಯಿಂದ ದನಿ ಬಂತು. ಅಕ್ಕ ತಲೆಯೆತ್ತಿರಲಿಲ್ಲ, ನಾಚಿಕೆಯಿಂದ ಎಲೆಯನ್ನಷ್ಟೇ ಮುಂದಕ್ಕೆ ತಳ್ಳಿದ್ದಳು.

"ಇಲ್ಲೂ ಒಸಿ ಹಾಕಿ."