ಅತ್ತಿಗೆಯ ಮುದ್ದೆಗೆ ಬಿದ್ದ ಸೋಯಾ

ಸೋಯಾ ತಿಂದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಊರೆಲ್ಲ ಸಾರಿದವಳು ನಾನು. ಅದರ ಫಲವನ್ನು ಮೈಮೇಲೆ ಹೊತ್ತವಳು ನನ್ನ ಅತ್ತಿಗೆ ಶಿವಮ್ಮ. ಒಂದಿಡೀ ಮಳೆಗಾಲ ನರಳಿದವಳೂ ಅವಳೇ, ಬೈಸಿಕೊಂಡವಳೂ ಅವಳೇ. ಹೊಗಳಿಸಿಕೊಂಡವಳು ಮಾತ್ರ ನಾನು.

ಅನ್ಯಾಯ ಕಂಡಲ್ಲಿ ಅದನ್ನು ಹೆಸರು ಹಿಡಿದು ಕರೆಯಬೇಕೆಂದು ನಾನು ಕಲಿತ ಶಾಲೆ ಹೇಳಿಕೊಟ್ಟಿತ್ತು. ಹಾಗಾಗಿ ತಮಿಳು ಗಡಿಯ ನಮ್ಮೂರು ತಿಗನಾರೆಯಲ್ಲಿ ನಾನು ಹೆಸರಿಸದೆ ಬಿಟ್ಟ ಅನ್ಯಾಯ ಕಡಿಮೆ. ಗಂಡಸರು ಉಂಡ ಮೇಲೆ ತಳದ ಸಾರನ್ನು ಹೆಂಗಸರು ಉಣ್ಣುವುದು ಅನ್ಯಾಯ; ಕೂಲಿಗೆ ಹೋಗುವವಳ ತಟ್ಟೆಯಲ್ಲಿ ಕಾಳುಗಳು ಒಂದನ್ನೊಂದು ಹುಡುಕಿಕೊಂಡು ಈಜುವುದು ಅನ್ಯಾಯ; ಬೆಳೆದ ಜೋಳದಲ್ಲಿ ಮೊದಲ ಪಾಲು ಆನೆಗೆ ಸಲ್ಲುವುದೂ ಅನ್ಯಾಯವೇ, ಆದರೆ ಇದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಕಾಡಿನ ಕಡೆ ಮುಖಮಾಡಿ ಹೇಳುತ್ತಿದ್ದೆ. ಹಾಸನೂರಿನಲ್ಲಿ ನಡೆದ ಪೌಷ್ಟಿಕ ಆಹಾರದ ಶಿಬಿರದಲ್ಲಿ ಹೆಂಗಸರ ನಿತ್ರಾಣಕ್ಕೆಲ್ಲ ಒಂದೇ ಮದ್ದು, ಸೋಯಾ ಹಿಟ್ಟು ಎಂದರು. ಪೊಟ್ಟಣಗಳನ್ನು ಹೊತ್ತು ತಂದೆ. ಅದನ್ನು ರಾಗಿಹಿಟ್ಟಿಗೆ ಬೆರೆಸಿ ಮಾಡಿದ ಮುದ್ದೆಯೇ ಬೆಳಗಿನ ಮೊದಲ ತುತ್ತಾಗಬೇಕೆಂದು ಮನೆಯಲ್ಲಿ ಕಾನೂನು ಮಾಡಿದೆ.

"ಇದೇನಮ್ಮಿ, ಇಟ್ಟು ಗಂಟಲಲ್ಲೇ ನಿಂತ್ಕತ್ತದಲ್ಲ! ಗ್ವಾಡೆಗ ಮೆತ್ತಕ ತಂದಿದ್ದೀಯಾ?" ಎಂದ ಅಣ್ಣ.

"ಪ್ರೋಟೀನು ಕಣಣ್ಣ."

"ಅಂಗಾರ ನಿಮ್ಮತ್ತಿಗೆಗೇ ಆಕು. ನಂಗ ಬ್ಯಾಡ."

ಮನೆಯ ಒಳ್ಳೆಯ ತುತ್ತು ಮೊದಲ ಬಾರಿಗೆ ಹೆಂಗಸಿನ ತಟ್ಟೆಗೆ ಬಿತ್ತೆಂದು ನಾನು ಹಿಗ್ಗಿದೆ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಅತ್ತಿಗೆ ಥೈರಾಯ್ಡಿನ ಮಾತ್ರೆಯನ್ನು ದಿನವೂ ಎದ್ದ ಕೂಡಲೇ ನೀರಿನಲ್ಲಿ ನುಂಗುತ್ತಿದ್ದಳು, ಓಕರಿಸುತ್ತ. ಈಗ ಎದ್ದ ಕೂಡಲೇ ಮುದ್ದೆ ಸಿಗುವಂತಾಗಿ, ಮೊದಲ ತುತ್ತಿನೊಳಗೆ ಮಾತ್ರೆ ಹುದುಗಿಸಿ, ಸಾರಿಗೆ ಅದ್ದಿ, ಗುಳುಂ ಎನ್ನಿಸತೊಡಗಿದಳು. "ಮಾತ್ರೆ ಇಳ್ದದ್ದೇ ಗೊತ್ತಾಗಲ್ಲ ಕಣವ್ವ" ಎಂದು ನನ್ನನ್ನು ಹರಸಿದಳು.

ಮಳೆಗಾಲ ಕಳೆಯುವಷ್ಟರಲ್ಲಿ ಅವಳ ಮುಖ ದುಂಡಗಾಯಿತು. ನಾನದನ್ನು ಸೋಯಾದ ವಿಜಯವೆಂದೇ ತಿಳಿದು, ದೊಡ್ಡಗಾಜನೂರಿನ ಹೆಂಗಸರ ಸಭೆಯಲ್ಲಿ ಮೈಕು ಹಿಡಿದು ಅವಳನ್ನು ಎದುರಿಗೆ ನಿಲ್ಲಿಸಿ, "ನೋಡಿ, ಕೆನ್ನೆಗಳು ಹೇಗೆ ತುಂಬಿಕೊಂಡಿವೆ!" ಎಂದು ಚಪ್ಪಾಳೆ ಗಿಟ್ಟಿಸಿದೆ. ಅವಳು ನಿಂತಲ್ಲೇ ತೂಕಡಿಸುತ್ತಿದ್ದಳು. ಕೂಲಿಗೆ ಹೋಗಿ ಕೋಸು ಕೊಯ್ಯುವಾಗ ಸಾಲು ಮುಗಿಸಲಾರದೆ ಕುಳಿತುಬಿಟ್ಟರೆ, "ಶಿವಮ್ಮ, ಆನೆ ಬಂದು ಮೈಮ್ಯಾಲ ನಿಂತ್ರೂ ನೀ ಏಳಕಿಲ್ಲ ಬುಡು" ಎಂದು ಮೇಸ್ತ್ರಿ ಎಲ್ಲರನ್ನೂ ನಗಿಸಿದ; ಮರುದಿನದಿಂದ ಅವಳನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟ. "ಮೈ ಬಗ್ಗಲ್ಲ ಕಣವ್ವ. ನಂಗ ಸೋಂಬೇರಿತನ ಬಂದ್ಬುಟ್ಟದ" ಎಂದಳು ಅತ್ತಿಗೆ. ನಾನು ಏನು ಮಾಡಿದೆ? ಇನ್ನೊಂದು ಹಿಡಿ ಸೋಯಾ ಹೆಚ್ಚಿಸಿದೆ.

ಕೊನೆಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಮಾತ್ರೆಯನ್ನು ಹೇಗೆ ನುಂಗುತ್ತೀರಿ ಎಂದು ಕೇಳಿದರು. ಅತ್ತಿಗೆ ಬೆರಳುಗಳಲ್ಲೇ ತುತ್ತು ಕಟ್ಟಿ, ನಡುವೆ ಹೆಬ್ಬೆರಳೊತ್ತಿ ತೋರಿಸಿದಳು. ಅವರು ವಿವರಿಸಿದ್ದು ಇಷ್ಟು: ಸೋಯಾ ಕೆಟ್ಟದ್ದಲ್ಲ, ಒಳ್ಳೆಯ ಕಾಳೇ, ಆದರೆ ಅದರ ಜೊತೆ ಹೋದರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆ ಬೆಳಿಗ್ಗೆ ಬರಿಹೊಟ್ಟೆಗೆ, ನೀರಿನಲ್ಲಿ. ಸೋಯಾ ಬೇಕೆಂದರೆ ರಾತ್ರಿಯೂಟಕ್ಕೆ. ಮುಖ ದುಂಡಗಾದದ್ದು ಪ್ರೋಟೀನಿನಿಂದಲ್ಲ, ಮಾತ್ರೆ ಹತ್ತದೆ ಬಂದ ಬಾವಿನಿಂದ; ತೂಕಡಿಕೆ, ನಿತ್ರಾಣವೂ ಅದರಿಂದಲೇ.

ಹೊರಗೆ ಬಂದು ನಾನು ಅಳತೊಡಗಿದರೆ ಅತ್ತಿಗೆಯೇ ಸೆರಗು ಚಾಚಿದಳು. "ಸುಮ್ಕಿರವ್ವ, ಯಾರಾರ ನೋಡುದ್ರ ನಂಗೇನೋ ಆಗೋಯ್ತು ಅನ್ಕತ್ತಾರ. ನಾ ಸೋಂಬೇರಿಯಲ್ಲ, ಕಾಯ್ಲೆ ಅಂತ ಡಾಕ್ಟ್ರೇ ಯೋಳುದ್ರಲ್ಲ, ಅದ ಆ ಮೇಸ್ತ್ರಿಗೂ ಒಸಿ ಯೋಳು. ಮೈಕು ನಿನ್ ತಾವೇ ತಾನೆ ಇರಾದು?"

ಹೇಳಿದೆ. ಮೇಸ್ತ್ರಿ ತಲೆಯಾಡಿಸಿದ, ಇನ್ನೂ ಕರೆದಿಲ್ಲ.

ಆದ್ದರಿಂದ ಸೋಯಾ ಪೊಟ್ಟಣ ಮಾರುವವರಲ್ಲಿ, ಅದನ್ನು ಹಂಚುವ ಶಿಬಿರದವರಲ್ಲಿ ನನ್ನ ಒತ್ತಾಯವಿದು: ಥೈರಾಯ್ಡಿನ ಮಾತ್ರೆಯೊಂದಿಗೆ ಇದನ್ನು ತಿನ್ನಬೇಡಿ ಎಂಬ ಸಾಲನ್ನು ಪೊಟ್ಟಣದ ಮುಂಬದಿಯಲ್ಲೇ ಕನ್ನಡ, ತಮಿಳು ಎರಡರಲ್ಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಹಿಟ್ಟು ಹಂಚುವ ಮೊದಲು ಬಂದ ಹೆಂಗಸರೊಂದಿಗೆ ಕುಳಿತು, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಅದನ್ನು ಹೇಗೆ ನುಂಗುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿ. ಕೇಳಿ ಮುಗಿಯುವವರೆಗೆ ದಯವಿಟ್ಟು ನನ್ನಂಥವರ ಕೈಗೆ ಮೈಕು ಕೊಡಬೇಡಿ.