ಕಟಿಂಗ್ ಮಾಸ್ಟರ ಪಿತೃತ್ವ ರಜೆ

ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಮಾಸ್ಟರಿಗೆ ಕಾರ್ಖಾನೆಯಿಂದ ಒಂದು ಫೋನೂ ಬರಲಿಲ್ಲ. ಆ ದಿನ ನಡೆದ ಅನಾಹುತಕ್ಕೆಲ್ಲ ಇದೊಂದೇ ಕಾರಣ.

ಬೇರೆ ಯಾರಾದರೂ ಆಗಿದ್ದರೆ ಹಾಯಾಗಿ ಕಾಲು ಚಾಚಿಕೊಂಡು ಮಲಗುತ್ತಿದ್ದರು. ಆದರೆ ಇವರು ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಕಟಿಂಗ್ ಮಾಸ್ಟರು. ಶಾಲೆಗಳ ಬಾಗಿಲು ತೆರೆಯುವುದಕ್ಕೆ ಇನ್ನು ಇಪ್ಪತ್ತೇ ದಿನ. ಸಮವಸ್ತ್ರದವರಿಗೆ ವರ್ಷಕ್ಕೆ ಇದೊಂದೇ ಸೀಸನ್ನು. ಈ ದಿನಗಳಲ್ಲಿ ಅಲ್ಲಿ ಸೀನುವುದಕ್ಕೂ ಪುರುಸೊತ್ತಿರುವುದಿಲ್ಲ. ಇಂಥ ಹೊತ್ತಿನಲ್ಲಿ ತಾವು ಹದಿನೈದು ದಿನ ಮನೆಯಲ್ಲಿ ಕೂತರೆ ಕಾರ್ಖಾನೆ ಅರ್ಧ ದಿನವೂ ನಡೆಯಲಾರದು ಎಂಬುದು ಮಾಸ್ಟರ ಗಟ್ಟಿ ನಂಬಿಕೆ. ಎಂಟೂವರೆಗೊಂದು ಫೋನು, ಒಂಬತ್ತಕ್ಕೊಂದು, ಹತ್ತರ ಹೊತ್ತಿಗೆ ಯಜಮಾನರೇ ಗಾಬರಿಬಿದ್ದು ಇನ್ನೊಂದು. ಆಗ ಗತ್ತಿನಿಂದ, "ನೋಡಿ, ನಾನು ರಜೆಯಲ್ಲಿದೀನಿ, ಆಗೋದಿಲ್ಲ" ಎನ್ನುವುದನ್ನು ಹಿಂದಿನ ದಿನವೇ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡಿದ್ದರು.

ರಜೆ ಸುಮ್ಮನೆ ಸಿಕ್ಕಿದ್ದಲ್ಲ. ಏಳು ವರ್ಷದ ಹಿಂದೆ ಮಗಳು ಹುಟ್ಟಿದ್ದೂ ಸೀಸನ್ನಿನಲ್ಲೇ. ಆಗ ಮಾಸ್ಟರು ಮಗು ಏಳುವ ಮೊದಲೇ ಹೋಗಿ, ಅದು ಮಲಗಿದ ಮೇಲೆ ಬರುತ್ತಿದ್ದರು. ಎರಡು ತಿಂಗಳು ಕಳೆದು, ಒಂದು ಭಾನುವಾರ ಹಗಲು ಬೆಳಕಿನಲ್ಲಿ ಮೊದಲ ಸಲ ಎತ್ತಿಕೊಂಡಾಗ, ಮಗಳು ಮನೆಗೆ ಕಳ್ಳ ನುಗ್ಗಿದಂತೆ ಕಿಟಾರನೆ ಕಿರುಚಿಕೊಂಡಿದ್ದಳು. ಎಲ್ಲರೂ ನಕ್ಕರು. ಮಾಸ್ಟರೂ ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು ಅತ್ತಿದ್ದರು. ಅದು ಹೆಂಡತಿಯೊಬ್ಬಳಿಗೆ ಮಾತ್ರ ಗೊತ್ತು.

ಈಗ ಮಗ ಹುಟ್ಟಿ ಒಂದೂವರೆ ತಿಂಗಳು. "ನಂಗೆ ಇನ್ನೇನೂ ಬೇಡ ರೀ. ಇವನು ನಿಮ್ಮ ಮುಖ ನೋಡಿ ಅಳಬಾರದು, ಅಷ್ಟೇ" ಎಂದು ಹೆಂಡತಿ ತಾನೇ ಕೂತು ರಜೆ ಅರ್ಜಿ ಬರೆದಳು. ಅಳತೆ ಪುಸ್ತಕ ಬಿಟ್ಟು ಬೇರೇನನ್ನೂ ಓದುವ ಅಭ್ಯಾಸವಿಲ್ಲದ ಮಾಸ್ಟರು ಅವಳು ಬೆರಳಿಟ್ಟಲ್ಲಿ ಸಹಿ ಹಾಕಿದರು. ಯಜಮಾನರು ಅದನ್ನು ಎರಡು ಸಲ ಓದಿ, ಕೊನೆಯ ಸಾಲಿಗೆ ಬಂದಾಗ ಮೀಸೆಯೊಳಗೇ ನಕ್ಕು, "ಆಗ್ಲಿ ಮಾಸ್ಟ್ರೇ, ಮಗುನ ನೋಡ್ಕೊಳ್ಳಿ" ಎಂದುಬಿಟ್ಟಿದ್ದರು. ಅಷ್ಟು ಸುಲಭವಾಗಿ ಒಪ್ಪಿದ್ದೇ ಮಾಸ್ಟರಿಗೆ ಸ್ವಲ್ಪ ಚುಚ್ಚಿತ್ತು.

ರಜೆಯ ಮೊದಲ ದಿನವೇ ಹೆಂಡತಿಗೆ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ಮಗಳನ್ನು ಜೊತೆಗೆ ಕರೆದುಕೊಂಡು ಹೊರಟವಳು ಹೊಸಿಲಲ್ಲಿ ನಿಂತು, "ಬಾಟ್ಲಿಲಿ ಹಾಲು ತೆಗೆದಿಟ್ಟಿದೀನಿ. ಎರಡು ಗಂಟೆಗೆ ಬರ್ತೀನಿ. ಎಲ್ಲೂ ಹೋಗ್ಬೇಡಿ" ಎಂದಳು.

"ನಾನೆಲ್ಲಿ ಹೋಗ್ಲೇ?"

"ಅದನ್ನೇ ನಾನೂ ಹೇಳಿದ್ದು."

ಮೊದಲ ಎರಡು ಗಂಟೆ ಚೆನ್ನಾಗಿಯೇ ಕಳೆಯಿತು. ಮಾಸ್ಟರು ಟೇಪು ಹಿಡಿದು ಮಗನ ಸೊಂಟ ಅಳೆದರು. ಲಂಗೋಟಿಯನ್ನು ಕಾಲರಿನಂತೆ ಮಡಿಸಿ, ಅಂಚು ಒಳಗೆ ಸೇರಿಸಿ, ಬೆರಳಿನಿಂದಲೇ ಇಸ್ತ್ರಿ ಎಳೆದು ಕಟ್ಟಿದರು. ಇಷ್ಟು ನೀಟಾದ ಲಂಗೋಟಿ ಊರಲ್ಲೇ ಇರಲಿಕ್ಕಿಲ್ಲ ಎಂದು ಅವರು ಹೆಮ್ಮೆಯಿಂದ ನೋಡುತ್ತಿರುವಾಗಲೇ ಮಗ ಅದನ್ನು ಒದ್ದೆ ಮಾಡಿದ. ಎರಡನೆಯದನ್ನೂ ಹಾಗೆಯೇ ಮಡಿಸಿ ಕಟ್ಟಿದರು. ಹಾಲು ಕುಡಿಸಿದರು. ಮಗ ಕಣ್ಣು ಬಿಟ್ಟು ಅವರ ಮುಖವನ್ನೇ ನೋಡಿದ. ಅಳಲಿಲ್ಲ. ಏಳು ವರ್ಷದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಏನೋ ಒಂದು ಸಡಿಲವಾದಂತಾಯಿತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಕಣ್ಣು ಫೋನಿನ ಕಡೆ ಹೋಯಿತು. ಚಾರ್ಜು ತುಂಬಿದೆ. ಸಿಗ್ನಲ್ಲು ಪೂರ್ತಿ ಇದೆ. ಹತ್ತೂಮುಕ್ಕಾಲು.

ಕೆಳಗಿನ ಮನೆಯ ಪಿಂಚಣಿ ಅಜ್ಜ ದಿನಪತ್ರಿಕೆ ಕೇಳುವ ನೆಪದಲ್ಲಿ ಮೆಟ್ಟಿಲು ಹತ್ತಿ ಬಂದರು. ಅವರಿಗೆ ನಿವೃತ್ತಿಯಾಗಿ ಹತ್ತು ವರ್ಷವಾಗಿದ್ದರೂ ಪರರ ಕೆಲಸದ ಚಿಂತೆಯಿಂದ ಇನ್ನೂ ನಿವೃತ್ತಿಯಾಗಿರಲಿಲ್ಲ.

"ಏನಪ್ಪಾ ಮಾಸ್ಟ್ರೇ, ಸೀಸನ್ನಲ್ಲಿ ರಜೆಯಂತೆ! ಫೋನ್ ಮೇಲೆ ಫೋನ್ ಬರ್ತಿರ್ಬೇಕು?"

"ಇಲ್ಲ, ಇನ್ನೂ..."

"ಒಂದೂ ಬಂದಿಲ್ವಾ?" ಅಜ್ಜ ಕನ್ನಡಕ ತೆಗೆದರು. "ಫೋನ್ ಕೆಟ್ಟಿರ್ಬೇಕು ತಡೀ." ತಮ್ಮ ಫೋನಿನಿಂದ ನಂಬರು ಒತ್ತಿದರು. ಮಾಸ್ಟರ ಫೋನು ಮನೆ ನಡುಗುವ ಹಾಗೆ ಹೊಡೆದುಕೊಂಡಿತು. ಮಗು ಬೆಚ್ಚಿಬಿತ್ತು.

"ಫೋನ್ ಸರಿಯಾಗೇ ಇದೆ" ಎಂದು ಅಜ್ಜ ಮೆಲ್ಲಗೆ, ವೈದ್ಯರು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. "ನಾನು ನಿವೃತ್ತಿ ಆದಾಗ್ಲೂ ಹೀಗೇ. ನಾನಿಲ್ದೆ ಕಚೇರಿ ಮುಚ್ಚಿಹೋಗುತ್ತೆ ಅಂದ್ಕೊಂಡಿದ್ದೆ. ಒಂದ್ವಾರ ಬಿಟ್ಟು ಹೋಗಿ ನೋಡಿದ್ರೆ ನನ್ನ ಕುರ್ಚಿ ಮೇಲೆ ಯಾರೋ ಛತ್ರಿ ಒಣಗಿಸಿದ್ರು."

ಛತ್ರಿಯ ಮಾತು ಮಾಸ್ಟರಿಗೆ ನಾಟಿತು. ತಾವಾಗಿ ಫೋನು ಮಾಡುವುದಕ್ಕೆ ಸ್ವಾಭಿಮಾನ ಬಿಡಲಿಲ್ಲ. ಸುಮ್ಮನೆ ಕೂರುವುದಕ್ಕೆ ಮನಸ್ಸು ಬಿಡಲಿಲ್ಲ. ಹನ್ನೊಂದಕ್ಕೆ ಸರಿಯಾಗಿ, ಮಗುವಿಗೆ ಸ್ವಲ್ಪ ಗಾಳಿ ಬೇಕು ಎಂದು ಅವರಿಗೆ ಹೊಳೆಯಿತು. ಮಗನನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಕೆಳಗಿಳಿದರು.

"ಎಲ್ಲಿಗೋ?" ಎಂದರು ಅಜ್ಜ.

"ಹೀಗೇ, ಗಾಳಿಗೆ."

"ಕಾರ್ಖಾನೆ ಕಡೆ ಗಾಳಿ ಚೆನ್ನಾಗಿರುತ್ತೆ, ಅಲ್ವಾ?"

ಮಾಸ್ಟರು ಕೇಳಿಸದವರಂತೆ ನಡೆದರು. ಎರಡು ಬೀದಿ ದಾಟಿದರೆ ಕಾರ್ಖಾನೆ. ಒಳಗೆ ಹೋಗುವುದಿಲ್ಲ, ಕಿಟಕಿಯಲ್ಲಿ ಒಂದು ಸಲ ಇಣುಕಿ ತಿರುಗುವುದು ಎಂದು ಅವರು ಪ್ರಾಮಾಣಿಕವಾಗಿಯೇ ಅಂದುಕೊಂಡಿದ್ದರು. ಅಲ್ಲಿ ಗಲಾಟೆ, ಗೊಂದಲ, ತಲೆ ಮೇಲೆ ಕೈ ಹೊತ್ತ ಜನ ಕಾಣಬೇಕಿತ್ತು. ಕಂಡದ್ದೇ ಬೇರೆ. ಹೊಲಿಗೆ ಮಿಷನ್ನುಗಳು ಒಂದೇ ಲಯದಲ್ಲಿ ಓಡುತ್ತಿದ್ದವು. ಇಸ್ತ್ರಿಯ ಹಬೆ ಏಳುತ್ತಿತ್ತು. ಯಾರ ಮುಖದಲ್ಲೂ ಮಾಸ್ಟರಿಲ್ಲದ ಕೊರತೆ ಕಾಣಲಿಲ್ಲ. ಅವರ ಮೇಜಿನ ಮುಂದೆ ಅವರ ಸಹಾಯಕ ನಿಂತಿದ್ದ. ಸಣಕಲನಾದ ಅವನನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಅವನು ಅರವತ್ತು ಪದರ ಬಿಳಿ ಬಟ್ಟೆ ಹಾಸಿ, ಮೇಲೆ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಎಳೆಯುತ್ತ ಶಿಳ್ಳೆ ಬೇರೆ ಹೊಡೆಯುತ್ತಿದ್ದ!

ಅಂಗಿಯ ಗುಂಡಿಗೆ ಕಾಜಾ ಹಾಕುವ ಅಕ್ಕ ತಲೆ ಎತ್ತಿದವಳು ಕಿಟಕಿಯಲ್ಲಿ ಅವರನ್ನು ಕಂಡಳು. "ಅಯ್ಯೋ, ಮಾಸ್ಟ್ರು! ಮಗು!" ಎಂದು ಓಡಿಬಂದು ಮಗುವನ್ನು ಎತ್ತಿಕೊಂಡೇ ಒಳಗೆ ಹೋದಳು. ಮಗುವಿನ ಹಿಂದೆ ಮಾಸ್ಟರೂ ಹೋಗಲೇಬೇಕಾಯಿತು.

"ನೀವ್ಯಾಕ್ ಬಂದ್ರಿ ಮಾಸ್ಟ್ರೇ? ಇಲ್ಲೆಲ್ಲ ನಡೀತಿದೆ. ಒಂದ್ನಿಮಿಷ ಇವನ್ನ ಎತ್ತಾಡಿಸಿ ಕೊಡ್ತೀನಿ, ಮನೆಗ್ ಹೋಗಿ" ಎಂದಳು ಅಕ್ಕ.

'ಇಲ್ಲೆಲ್ಲ ನಡೀತಿದೆ' ಎಂಬ ಮಾತು ಪಿನ್ನಿನಂತೆ ಚುಚ್ಚಿತು. ಮಾಸ್ಟರು ಮೇಜಿನ ಹತ್ತಿರ ಹೋಗಿ ಸೂಜಿ ಎಳೆದ ಗೆರೆ ನೋಡಿದರು. ನೋಡಿದ ಕೂಡಲೇ ಅವರ ಮುಖ ಅರಳಿತು. ತಪ್ಪು! ಎಂಥ ಸೊಗಸಾದ ತಪ್ಪು! ಹದಿನಾಲ್ಕು ವರ್ಷದಿಂದ ಈ ಶಾಲೆಯ ಅಂಗಿಗೆ ಅರ್ಧ ತೋಳು. ಇವನು ಮಣಿಕಟ್ಟಿನವರೆಗೆ ಗೆರೆ ಎಳೆದಿದ್ದಾನೆ.

"ಏನೋ ಇದು?"

"ಮಾಸ್ಟ್ರೇ, ಈ ವರ್ಷ..."

"ಈ ವರ್ಷ ಏನು? ಮಕ್ಕಳ ಕೈ ಉದ್ದ ಆಗಿದ್ಯಾ?"

"ಅದಲ್ಲ ಮಾಸ್ಟ್ರೇ, ನಿನ್ನೆ ಸಂಜೆ..."

"ಸುಮ್ನಿರೋ! ಒಂದ್ ದಿನ ನಾನಿಲ್ಲ ಅಂದ್ರೆ ಹಿಂಗಾ? ಸರಿ ಆ ಕಡೆ." ಅಂಗೈಯಿಂದ ಗೆರೆ ಒರೆಸಿದರು. ಗೋಡೆಯ ಮೊಳೆಗೆ ತೂಗುಹಾಕಿದ್ದ ತಮ್ಮ ಹಳೆಯ ರಟ್ಟಿನ ಅಳತೆ ತೆಗೆದು ಬಟ್ಟೆಯ ಮೇಲಿಟ್ಟು ಹೊಸ ಗೆರೆ ಎಳೆದರು. ಕಟಿಂಗ್ ಮಿಷನ್ನು ಕೈಗೆತ್ತಿಕೊಂಡರು. ಅದು ಗುರ್ ಎಂದಾಗ ಮಾಸ್ಟರಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಿಯಾಗಿ ಆಡಿತು. ಸೂಜಿ ಯಜಮಾನರ ಕೋಣೆಯ ಕಡೆ ಓಡಿದ.

"ಮಾಸ್ಟ್ರೇ! ನೋಡಿ ನೋಡಿ, ನಗ್ತಿದಾನೆ!" ಅಕ್ಕ ಹಿಂದಿನಿಂದ ಕೂಗಿದಳು. ಹೊಲಿಯುವವರೆಲ್ಲ ಎದ್ದು ಬಂದು ಸುತ್ತ ನಿಂತರು. "ಅಯ್ಯೋ ರಾಜ, ಎಷ್ಟ್ ಚೆನ್ನಾಗ್ ನಗ್ತಾನೆ! ಇದು ಮೊದಲ್ನೇ ಸಲಾನಾ ಮಾಸ್ಟ್ರೇ?"

"ಒಂದ್ನಿಮಿಷ ಇರಿ, ತೋಳಿನ ತಿರುವಲ್ಲಿದೀನಿ" ಎಂದರು ಮಾಸ್ಟರು ಕಣ್ಣು ಎತ್ತದೆ.

ತಿರುವು ಮುಗಿಯಿತು. ಮಿಷನ್ನು ನಿಂತಿತು. ಮಾಸ್ಟರು ತಿರುಗಿ ನೋಡಿದಾಗ ಮಗ ಅಕ್ಕನ ತೊಡೆಯ ಮೇಲೆ ಆಕಳಿಸುತ್ತಿದ್ದ. ನಗು ಬಂದು ಹೋಗಿತ್ತು. ಅದು ಮೊದಲನೆಯದೇ. ಮನೆಯಲ್ಲಿ ಇನ್ನೂ ಯಾರೂ ಕಂಡಿರಲಿಲ್ಲ. ಸುತ್ತ ನಿಂತ ಹನ್ನೆರಡು ಜನರೂ ಕಂಡರು, ಅಪ್ಪನೊಬ್ಬನನ್ನು ಬಿಟ್ಟು.

ಅಷ್ಟರಲ್ಲಿ ಯಜಮಾನರು ಬಂದರು. ಅರವತ್ತು ಪದರ ನೋಡಿದರು, ಮಾಸ್ಟರ ಮುಖ ನೋಡಿದರು. ಗೋಡೆಯ ಮೇಲಿನ ಕಾಗದದ ಕಡೆ ಬೆರಳು ತೋರಿಸಿದರು. ಶಾಲೆಯಿಂದ ಬಂದದ್ದು. ಈ ವರ್ಷದಿಂದ ಎಲ್ಲ ಅಂಗಿಗೂ ತುಂಬು ತೋಳು ಇರತಕ್ಕದ್ದು.

"ನಿನ್ನೆ ಸಂಜೆ ನೀವು ಹೋದ್ಮೇಲೆ ಬಂತು" ಎಂದರು ಯಜಮಾನರು.

"ನಂಗ್ಯಾಕೆ ಯಾರೂ ಫೋನ್ ಮಾಡ್ಲಿಲ್ಲ?" ಮಾಸ್ಟರ ದನಿ ಅಳುವಂತಿತ್ತು.

ಉತ್ತರ ಕೊಟ್ಟವಳು ಕಾಜಾ ಅಕ್ಕ. "ಹೇಗ್ ಮಾಡೋದು? ಹದಿನೈದು ದಿನ ಮಾಸ್ಟ್ರಿಗೆ ತೊಂದರೆ ಕೊಡ್ಬಾರ್ದು ಅಂತ ನಾವೆಲ್ಲ ಸೇರಿ ಮಾತಾಡ್ಕೊಂಡಿದ್ವಿ. ದಿನಾ ಒಂದೊಂದ್ ಗಂಟೆ ಹೆಚ್ಚು ಕೂತ್ಕೊಂಡು ತೂಗಿಸೋಣ ಅಂತ. ನಿಮ್ಮ ಮಗಳು ಕಿರುಚಿದ್ ಕತೆ ನೀವೇ ಅಲ್ವಾ ವರ್ಷಾವರ್ಷ ಹೇಳೋದು?"

ಮಾಸ್ಟರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೇಡವಾದವನೆಂದು ಅವರು ಸಂಕಟಪಟ್ಟ ಮೂರು ಗಂಟೆಯೂ ಈ ಜನ ಅವರಿಗಾಗಿಯೇ ಬಾಯಿ ಬಿಗಿಹಿಡಿದು ದುಡಿಯುತ್ತಿದ್ದರು.

"ಬಟ್ಟೆ ಮತ್ತೆ ತರಿಸ್ಬೇಕು. ಬಂದ್ಮೇಲೆ ಮತ್ತೆ ಕತ್ತರಿಸ್ಬೇಕು. ಇನ್ನು ಸೂಜಿ ಒಬ್ಬನ ಕೈಲಿ ಆಗೋ ಮಾತಲ್ಲ" ಎನ್ನುತ್ತ ಯಜಮಾನರು ಜೇಬಿನಿಂದ ಮಡಿಸಿದ ಅರ್ಜಿ ತೆಗೆದರು. ಅವರಿಗೂ ನಿಜವಾಗಿಯೂ ಬೇಸರವಾಗಿತ್ತು. "ಕೊನೇ ಸಾಲು ಓದಿದೀರಾ ಮಾಸ್ಟ್ರೇ?"

ಮಾಸ್ಟರು ಆಗ ಓದಿದರು. 'ರಜೆಯ ಅವಧಿಯಲ್ಲಿ ನಾನು ಕಾರ್ಖಾನೆಗೆ ಬಂದು ಕತ್ತರಿಸುವ ಕೆಲಸಕ್ಕೆ ಕೈ ಹಾಕಿದಲ್ಲಿ, ಆ ಕ್ಷಣದಿಂದಲೇ ನನ್ನ ರಜೆಯನ್ನು ರದ್ದುಪಡಿಸಬೇಕಾಗಿ ಕೋರುತ್ತೇನೆ.' ಕೆಳಗೆ ಅವರದೇ ಸಹಿ, ಬಾಲ ಎಳೆದು, ಎರಡು ಚುಕ್ಕೆ ಸಮೇತ.

"ನಿಮ್ಮ ಮನೆಯೋರು ತಮಾಷೆಗೆ ಬರೆದಿದಾರೆ ಅಂದ್ಕೊಂಡಿದ್ದೆ" ಎಂದರು ಯಜಮಾನರು. "ನಾಳೆ ಎಂಟಕ್ಕೆ ಬನ್ನಿ."

ಮಾಸ್ಟರು ಮಗನನ್ನು ಎದೆಗಪ್ಪಿಕೊಂಡು ಮನೆಯ ದಾರಿ ಹಿಡಿದರು. ದಾರಿಯುದ್ದಕ್ಕೂ ಅವನ ಮುಖ ನೋಡುತ್ತ, ಹಲ್ಲು ಕಿರಿದು, ನಾಲಗೆ ಹೊರಳಿಸಿ, ಏನೆಲ್ಲ ಮಾಡಿದರು. ಅವನು ಇನ್ನೊಮ್ಮೆ ನಗಲಿಲ್ಲ. ಬದಲಿಗೆ ಎರಡನೆಯ ಲಂಗೋಟಿಯನ್ನೂ ಒದ್ದೆ ಮಾಡಿದ.

ಹೆಂಡತಿ ಹೇಳಿದ್ದಕ್ಕಿಂತ ಮೊದಲೇ ಬಂದು ಹೊಸಿಲಲ್ಲಿ ನಿಂತಿದ್ದಳು. ಮಾಸ್ಟರ ತೋಳಿನ ಮೇಲಿದ್ದ ಸೀಮೆಸುಣ್ಣ ನೋಡಿದಳು.   ಅವಳು ಕೇಳುವ ಮೊದಲೇ ಮಾಸ್ಟರು ತಾವೇ ಶುರು ಮಾಡಿದರು.

"ಏನ್ ಮಾಡ್ಲೇ? ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ಸೂಜಿ ಮಾಡ್ದ, ಕಾಜಾ ಅಕ್ಕ ಮಾಡಿದ್ಳು. ಕಡೆಗೆ ಯಜಮಾನ್ರೇ ಮಾಡಿ, ನೀವು ಬರ್ದೇ ಇದ್ರೆ ಮುಳುಗಿಹೋಗ್ತೀವಿ ಅಂತ ಅಂಗಲಾಚಿದ್ರು. ಮನುಷ್ಯತ್ವ ಅಂತ ಒಂದಿರುತ್ತಲ್ಲ? ನಾಳೆಯಿಂದ ಹೋಗ್ಲೇಬೇಕಾಗಿದೆ. ರಜೆ... ಆಮೇಲೆ ನೋಡೋಣ."

"ಯಜಮಾನ್ರೇ ಮಾಡಿದ್ರಾ?"

"ಮೂರು ಸಲ."

ಹೆಂಡತಿ ಮಗುವನ್ನು ತೆಗೆದುಕೊಂಡಳು. ಮಾಸ್ಟರ ಜೇಬಿಗೆ ಕೈ ಹಾಕಿ ಫೋನು ತೆಗೆದು, ಬೆರಳಿನಿಂದ ಅಲ್ಲಿ ಇಲ್ಲಿ ಒತ್ತಿ, ಅವರ ಮುಖದ ಮುಂದೆ ಹಿಡಿದಳು. ಒಂದರ ಕೆಳಗೊಂದು ಸಾಲಾಗಿ ಹೆಸರುಗಳಿದ್ದವು. ಯಜಮಾನರು. ಸೂಜಿ. ಕಾಜಾ ಅಕ್ಕ. ಕಾರ್ಖಾನೆಯ ಆಫೀಸು.

"ನಿನ್ನೆ ರಾತ್ರಿ ನೀವು ಮಲಗಿದ್ಮೇಲೆ ಎಲ್ಲರ ನಂಬರೂ ಬ್ಲಾಕ್ ಮಾಡಿದ್ದೆ" ಎಂದಳು. ದನಿ ಏರಿಸಲಿಲ್ಲ. "ಅವ್ರು ಕರೀಬಾರ್ದು ಅಂತ ಇದು. ನೀವು ಹೋಗಬಾರ್ದು ಅಂತ ಅರ್ಜಿ. ಇನ್ನೇನು ಮಾಡ್ಬೇಕಿತ್ತು ರೀ ನಾನು?"

ಮಾಸ್ಟರು ಫೋನು ತೆಗೆದುಕೊಂಡು ಜೇಬಿಗೆ ಹಾಕಿದರು. 

"ಮಗು ನಕ್ಕಿದ್ದು ಗೊತ್ತಾ?" ಎಂದು ಕೊನೆಗೆ ಹೇಳಿದರು, ಅದೊಂದಾದರೂ ಒಳ್ಳೆಯ ಸುದ್ದಿಯೆಂದು.

ಹೆಂಡತಿಯ ಮುಖ ಅರಳಿತು. "ಹೌದಾ? ಹೇಗ್ ನಕ್ಕ? ಹೇಳಿ!"

ಮಾಸ್ಟರು ಸೀದಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಂದೆರಡು ನಿಮಿಷ ಕಳೆದು ಮಗಳು ಬಂದು ಕೇಳಿದಳು. "ಅಮ್ಮಾ, ಅಪ್ಪ ಯಾಕೆ ಅಷ್ಟು ಜೋರಾಗಿ ನಲ್ಲಿ ಬಿಟ್ಕೊಂಡಿದಾನೆ?"

ಹೆಂಡತಿ ಬಚ್ಚಲ ಬಾಗಿಲ ಕಡೆ ನೋಡಿದಳು.

"ಏನಿಲ್ಲ ಕಂದ, ನೀರು ಬರ್ತಿದ್ಯೋ ಇಲ್ವೋ ನೋಡ್ತಿದಾರೆ" ಎಂದು ಮಗುವಿನ ಲಂಗೋಟಿ ಬದಲಿಸಲು ಕೂತಳು. ಕಾಲರಿನಂತೆ ಮಡಿಸಿದ್ದ ಅದನ್ನು ಬಿಚ್ಚುವುದಕ್ಕೆ ಅವಳಿಗೆ ಬಹಳ ಹೊತ್ತು ಬೇಕಾಯಿತು.